ಟ್ರ್ಯಾಕ್ಟರ್ ಪಲ್ಟಿಯಾದಾಗ ಕಮಾನು ಎಷ್ಟು ಬಗ್ಗಬೇಕು?

ಕಬ್ಬಿನ ಹಂಗಾಮು ಶುರುವಾಯಿತು ಅಂದರೆ ಮುಧೋಳ, ಜಮಖಂಡಿ, ಗೋಕಾಕ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಅದರ ಮೇಲೆ ಆಳೆತ್ತರ ಕಬ್ಬು. ಏರು ಬಂದಲ್ಲಿ ಮುಂದಿನ ಗಾಲಿ ಒಂದು ಗೇಣು ಮೇಲೆದ್ದು ಮತ್ತೆ ನೆಲಕ್ಕೆ ಕೂರುವುದನ್ನು ಈ ಭಾಗದವರೆಲ್ಲ ನೋಡಿದ್ದೇವೆ. ನೋಡಿ ನೋಡಿ ಅದಕ್ಕೆ ಹೆದರುವುದನ್ನೇ ಬಿಟ್ಟಿದ್ದೇವೆ.

ಕಳೆದ ಹಂಗಾಮಿಗೆ ಸ್ವಲ್ಪ ಮುಂಚೆ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋಗಿದ್ದೆ. ಮುಧೋಳ ಕಡೆಯ ಒಬ್ಬ ಹುಡುಗ ತನ್ನ ಟ್ರ್ಯಾಕ್ಟರಿಗೆ ಹುಡ್ ಮಾಡಿಸುತ್ತಿದ್ದ. ನಾಲ್ಕು ಕಾಲು, ಮೇಲೆ ತಗಡು, ಬದಿಗೆ ಕೆಂಪು ಬಣ್ಣದ ಪಟ್ಟಿ. ನಾನು ಕಾಲೇಜಿನಲ್ಲಿ ಕಲಿಸುವವನು ಅಂತ ಗೊತ್ತಾಗುತ್ತಲೇ ಕೇಳಿದ: "ಸರ, ಗಾಡಿ ಪಲ್ಟಿ ಆದ್ರ ಇದು ತಡೀತೈತಲ್ರಿ?" ನಾನು ಬಾಯಿ ತೆರೆಯುವ ಮೊದಲೇ ಶೆಡ್ಡಿನ ಮಾಲೀಕರು ಹೇಳಿದರು: "ಗಟ್ಟಿ ಐತಿ ಬಿಡೋ ತಮ್ಮಾ. ಮ್ಯಾಲ ನಾಕ್ ಮಂದಿ ನಿಂತ್ರೂ ಏನೂ ಆಗಂಗಿಲ್ಲ."

ಅವರು ಸುಳ್ಳು ಹೇಳಲಿಲ್ಲ. ನಾಲ್ಕು ಮಂದಿ ಅಂದರೆ ಹೆಚ್ಚೆಂದರೆ 300 ಕಿಲೋ. ಆ ಹುಡ್ ಅಷ್ಟನ್ನು ಆರಾಮಾಗಿ ಹೊರುತ್ತದೆ. ಆದರೆ ಟ್ರ್ಯಾಕ್ಟರ್ ಮಗುಚಿದಾಗ ಚಾಲಕನ ಜೀವ ಉಳಿಸಬೇಕಾದ ಕಮಾನಿಗೆ ಹಾಕುವ ಪರೀಕ್ಷೆಯೇ ಬೇರೆ. 2000 ಕಿಲೋ ತೂಗುವ ಟ್ರ್ಯಾಕ್ಟರಿನ ಕಮಾನಿನ ಮೇಲೆ ಸುಮಾರು 4 ಟನ್ ಹೇರಿ ಒತ್ತುತ್ತಾರೆ. ಅದೂ ಒಮ್ಮೆಯಲ್ಲ, ಎರಡು ಸಲ. ಮೊದಲು ಹಿಂದಿನಿಂದ, ನಡುವೆ ಪಕ್ಕದಿಂದ ತಳ್ಳುತ್ತಾರೆ. ಬಿಸಿಲಿಗೆ ಮಾಡಿದ ಹುಡ್ಡೂ ಜೀವ ಕಾಯುವ ಕಮಾನೂ ದೂರದಿಂದ ಒಂದೇ ಥರ ಕಾಣುತ್ತವೆ. ಅಪಾಯ ಇರುವುದೇ ಅಲ್ಲಿ.

ಟ್ರ್ಯಾಕ್ಟರ್ ಎರಡು ರೀತಿ ಮಗುಚುತ್ತದೆ. ಒಂದು, ಕಾಲುವೆ ಏರಿಯ ಮೇಲೆ ಹೋಗುವಾಗ ದಂಡೆ ಕುಸಿದು ಪಕ್ಕಕ್ಕೆ ಉರುಳುವುದು. ಇನ್ನೊಂದು ಹಿಂದಕ್ಕೆ ಬೀಳುವುದು. ಎರಿ ಹೊಲದ ಕೆಸರಿನಲ್ಲಿ ಹಿಂದಿನ ಗಾಲಿ ಹೂತಿದೆ, ತಿರುಗಲು ಆಗುತ್ತಿಲ್ಲ ಅಂದುಕೊಳ್ಳಿ. ಕ್ಲಚ್ ಫಟ್ ಅಂತ ಬಿಟ್ಟರೆ ಎಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಗಾಲಿ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಆಕ್ಸೆಲ್ ಸುತ್ತ ತಿರುಗುತ್ತದೆ. ಭಾರವನ್ನು ಕೆಳಗಿನ ಹುಕ್ಕಿಗೆ ಕಟ್ಟದೆ ಮೇಲೆ ಎಲ್ಲೋ ಸರಪಳಿ ಹಾಕಿ ಎಳೆದರಂತೂ ಇನ್ನೂ ಬೇಗ. ಒಂದೂವರೆ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಜಿಗಿದು ಪಾರಾಗುತ್ತೇನೆ ಅನ್ನುವವರು ಆ ಒಂದೂವರೆ ಸೆಕೆಂಡನ್ನು ಒಮ್ಮೆ ಎಣಿಸಿ ನೋಡಬೇಕು.

ಇದಕ್ಕೆ ಪರಿಹಾರ ಹೊಸದೇನಲ್ಲ. ಸೀಟಿನ ಹಿಂದೆ ಅಥವಾ ಸುತ್ತ ಒಂದು ಉಕ್ಕಿನ ಕಮಾನು, ಜೊತೆಗೆ ಸೀಟ್ ಬೆಲ್ಟ್. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಇದನ್ನು ರೋಪ್ಸ್ ಅನ್ನುತ್ತಾರೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ 1985ರಿಂದ ಕಂಪನಿಗಳು ತಾವಾಗಿಯೇ ಒಪ್ಪಿಕೊಂಡು ಹೊಸ ಟ್ರ್ಯಾಕ್ಟರುಗಳಿಗೆ ಹಾಕುತ್ತಾ ಬಂದಿವೆ. ಜಗತ್ತಿನಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ತಯಾರಾಗುವುದು ನಮ್ಮ ದೇಶದಲ್ಲಿ. ಇಲ್ಲಿಂದ ಅಮೆರಿಕಕ್ಕೆ ಹೋಗುವ ಟ್ರ್ಯಾಕ್ಟರಿಗೆ ಕಮಾನು ಇರುತ್ತದೆ. ನಮ್ಮ ಕಬ್ಬಿನ ಸಾಲಿನಲ್ಲಿ ನಿಂತ ಟ್ರ್ಯಾಕ್ಟರುಗಳಲ್ಲಿ ಮಾತ್ರ ಅದನ್ನು ಹುಡುಕಬೇಕು. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ಸಂಗತಿ.

ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನಲ್ಲಿ ನಾವು ಮಾಡಬೇಕಾದ್ದು ಇದೇ ಪರೀಕ್ಷೆಯ ನಕಲು. ಹಲವು ದೇಶಗಳು ಸೇರಿದ ಆರ್ಥಿಕ ಸಹಕಾರದ ಒಇಸಿಡಿ ಸಂಘಟನೆಯ ಟ್ರ್ಯಾಕ್ಟರ್ ಸಂಹಿತೆಗಳಲ್ಲಿ ನಾಲ್ಕನೆಯದು ನಿಧಾನವಾಗಿ ಒತ್ತುವ ಪರೀಕ್ಷೆಯದು. ಹಿಂಭಾಗಕ್ಕೆ ಜಾಸ್ತಿ ತೂಕ ಇರುವ ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಮೊದಲು ಕಮಾನನ್ನು ಹಿಂದಿನಿಂದ ತಳ್ಳುತ್ತಾರೆ. ಟ್ರ್ಯಾಕ್ಟರಿನ ಒಂದೊಂದು ಕಿಲೋ ತೂಕಕ್ಕೆ 1.4 ಜೂಲ್ ಶಕ್ತಿಯನ್ನು ಕಮಾನು ನುಂಗುವ ತನಕ ತಳ್ಳಬೇಕು. ಆಮೇಲೆ ಹಿಂಭಾಗದಲ್ಲಿ ಮೇಲಿನಿಂದ ಒತ್ತುತ್ತಾರೆ, ಕಿಲೋಗೆ 20 ನ್ಯೂಟನ್ ಬಲದಂತೆ. ಅಂದರೆ ಟ್ರ್ಯಾಕ್ಟರ್ ತೂಕದ ಸುಮಾರು ಎರಡು ಪಟ್ಟು. ಕಮಾನು ಅಲುಗಾಡುವುದು ನಿಂತ ಮೇಲೂ ಕನಿಷ್ಠ 5 ಸೆಕೆಂಡ್ ಅದೇ ಬಲ ಹಿಡಿದಿಡಬೇಕು. ಮೂರನೆಯದು ಪಕ್ಕದಿಂದ ತಳ್ಳುವುದು, ಕಿಲೋಗೆ 1.75 ಜೂಲ್. ಕೊನೆಗೆ ಮುಂಭಾಗದಲ್ಲಿ ಮತ್ತೆ ಮೇಲಿನಿಂದ ಒತ್ತಡ. ನಡುವೆ ಎಲ್ಲೂ ಕಮಾನನ್ನು ನೆಟ್ಟಗೆ ಮಾಡುವಂತಿಲ್ಲ, ರಿಪೇರಿ ಮಾಡುವಂತಿಲ್ಲ.

2000 ಕಿಲೋ ಟ್ರ್ಯಾಕ್ಟರಿಗೆ ಪಕ್ಕದ ಪರೀಕ್ಷೆಯ ಲೆಕ್ಕ 3500 ಜೂಲ್ ಆಗುತ್ತದೆ. ಇದು ಎಷ್ಟು ಅಂತ ಮನಸ್ಸಿಗೆ ಬರಬೇಕಾದರೆ, ಒಂದು ಕ್ವಿಂಟಲ್ ಜೋಳದ ಚೀಲವನ್ನು ಮೂರೂವರೆ ಮೀಟರ್ ಎತ್ತರದಿಂದ ಕೆಡವಿದ ಹಾಗೆ. ಆ ಪೆಟ್ಟನ್ನೆಲ್ಲ ಪೈಪು ತನ್ನ ಮೈ ಬಗ್ಗಿಸಿಕೊಂಡು ನುಂಗಬೇಕು. ನುಂಗಿದ ಮೇಲೂ ಚಾಲಕ ಕೂತಿರುವ ಜಾಗಕ್ಕೆ ಯಾವ ಪೈಪೂ ಬರಬಾರದು. ಆ ಜಾಗದ ಆಕಾರವನ್ನು ಸೀಟಿನ ಒಂದು ಬಿಂದುವಿನಿಂದ ಅಳೆದು ನಿಗದಿ ಮಾಡಿರುತ್ತಾರೆ. ಅದಕ್ಕೆ ರಕ್ಷಣಾ ವಲಯ ಅನ್ನೋಣ.

ಗಮನಿಸಿ, ಇಲ್ಲಿ ಎಲ್ಲೂ "ಪೈಪು ಬಗ್ಗಬಾರದು" ಅಂತ ಹೇಳಿಲ್ಲ. ಬಗ್ಗಬೇಕು. ಎಷ್ಟು ಬಗ್ಗಬೇಕು ಅನ್ನುವುದೇ ಪ್ರಶ್ನೆ.

ಇದನ್ನೆಲ್ಲ ನಿಜವಾದ ಕಮಾನಿನ ಮೇಲೆ ಮಾಡುವುದು ದುಬಾರಿ ಕೆಲಸ. ಒಂದು ಪರೀಕ್ಷೆಗೆ ಒಂದು ಕಮಾನು ಹಾಳಾಗುತ್ತದೆ. ಗೋಡೆಯ ದಪ್ಪ ಅರ್ಧ ಮಿಲಿಮೀಟರ್ ಬದಲಿಸಿದರೂ ಮತ್ತೆ ಹೊಸದು ಕಟ್ಟಬೇಕು. ಹಾಗಾಗಿ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಬೇಕು. ಕಮಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ಚೌಕಗಳಾಗಿ ಹರಿದು, ಮೀನಿನ ಬಲೆಯ ಹಾಗೆ ಜೋಡಿಸುತ್ತಾರೆ. ಒಂದೊಂದು ಚೌಕ ಎಷ್ಟು ಹಿಗ್ಗಿತು, ಎಷ್ಟು ತಿರುಚಿಕೊಂಡಿತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ ಇಡೀ ಕಮಾನಿನ ಕಥೆ ಹೇಳುತ್ತದೆ. ಗುದ್ದಾಟದ, ಅಂದರೆ ಡಿಕ್ಕಿ ಹೊಡೆದಾಗಿನ ಲೆಕ್ಕಕ್ಕೆ ಇವತ್ತು ಕಾರು ಕಂಪನಿಗಳು ಬಳಸುವ ಒಂದು ಮುಖ್ಯ ಸಾಫ್ಟ್‌ವೇರಿನ ಬೇರು, 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಡೈನಾ-3ಡಿ. ಬಾಂಬು ನೆಲಕ್ಕೆ ಬಿದ್ದಾಗ ಏನಾಗುತ್ತದೆ ಅಂತ ನೋಡಲು ಹುಟ್ಟಿದ್ದು ಈಗ ಜೀವ ಉಳಿಸುವ ಕೆಲಸಕ್ಕೆ ಬಂದಿದೆ.

ಈ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರುವುದೇ ಬೆಳಗಾವಿಯಲ್ಲಿ. ಇಲ್ಲಿ, ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ ಕಾರ್ಖಾನೆಗಳು ಎಷ್ಟೋ ವರ್ಷದಿಂದ ನಡೆಯುತ್ತಿವೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಹುಡುಗರೂ ರೋಲ್ ಕೇಜ್, ಅಂದರೆ ಗಾಡಿ ಉರುಳಿದಾಗ ಚಾಲಕನನ್ನು ಕಾಯುವ ಪೈಪಿನ ಪಂಜರದ ಲೆಕ್ಕ ಹಾಕುತ್ತಾರೆ, ಆದರೆ ಟ್ರ್ಯಾಕ್ಟರಿಗಲ್ಲ. ಬಾಹಾ ಎನ್ನುವ ಸ್ಪರ್ಧೆಗೆ. ಇಂದೋರ್ ಹತ್ತಿರದ ಪೀಥಂಪುರದಲ್ಲಿ 2007ರಿಂದ ನಡೆಯುತ್ತಾ ಬಂದಿರುವ ಈ ಸ್ಪರ್ಧೆಗೆ ತಾವೇ ಕಟ್ಟಿದ ಒಂಟಿ ಸೀಟಿನ ಗಾಡಿ ಒಯ್ಯುತ್ತಾರೆ.

ಅವರ ವರದಿಗಳನ್ನು ನಾನು ವರ್ಷವರ್ಷ ಓದುತ್ತೇನೆ. ಬಹುಪಾಲು ಒಂದೇ ಥರ ಇರುತ್ತವೆ. ಗಾಡಿಯ ತೂಕದ ಮೂರೋ ನಾಲ್ಕೋ ಪಟ್ಟು ಬಲವನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹಾಕಿರುತ್ತಾರೆ. ನೀಲಿ, ಹಸಿರು, ಕೆಂಪು ಬಣ್ಣದ ಚೆಂದದ ಚಿತ್ರ ಬರುತ್ತದೆ. ಕೆಳಗೆ "ಫ್ಯಾಕ್ಟರ್ ಆಫ್ ಸೇಫ್ಟಿ 2.1, ಸುರಕ್ಷಿತ" ಅಂತ ಒಂದು ಸಾಲು, ಅಂದರೆ ಬಿದ್ದ ಒತ್ತಡದ 2.1 ಪಟ್ಟನ್ನು ಉಕ್ಕು ತಡೆಯುತ್ತದೆ ಅಂತ. ಮುಗಿಯಿತು.

ಇದು ಸಾಲದು ಅಂತ ನಾನು ಖಚಿತವಾಗಿ ಹೇಳುತ್ತೇನೆ. ಮನೆ ಕಟ್ಟುವಲ್ಲಿ ಸಲಾಕೆ ಬಗ್ಗಿಸುವುದನ್ನು ನೋಡಿದ್ದೀರಿ ಅಲ್ವಾ? ಸುಮ್ನೆ ಸ್ವಲ್ಪ ಒತ್ತಿ ಬಿಟ್ಟರೆ ಸಲಾಕೆ ವಾಪಸ್ ನೆಟ್ಟಗಾಗುತ್ತದೆ. ಜೋರಾಗಿ ಒತ್ತಿದರೆ ಒಂದು ಹಂತದ ನಂತರ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ. ಹುಡುಗರ ಲೆಕ್ಕ ಮೊದಲನೆಯ ಭಾಗಕ್ಕೆ ಮಾತ್ರ ನಿಜ. ಆ ಲೆಕ್ಕದಲ್ಲಿ ಉಕ್ಕು ಎಷ್ಟು ಒತ್ತಿದರೂ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ನಿಜವಾದ ಪಲ್ಟಿಯಲ್ಲಿ ನಮಗೆ ಬೇಕಾದ್ದು ಎರಡನೆಯ ಭಾಗ. 3500 ಜೂಲಿನಲ್ಲಿ ಬಹುಪಾಲನ್ನು ನುಂಗುವುದು ವಾಪಸ್ ಬಾರದ ಆ ಬಾಗುವಿಕೆಯೇ. ಹಾಗಾಗಿ ಫ್ಯಾಕ್ಟರ್ ಆಫ್ ಸೇಫ್ಟಿ ಎನ್ನುವ ಒಂದು ಅಂಕಿ ಇಲ್ಲಿ ಏನನ್ನೂ ಹೇಳುವುದಿಲ್ಲ. ಬೇಕಾದ್ದು ಒಂದು ಗೆರೆ: ಇಷ್ಟು ಬಲ ಹಾಕಿದಾಗ ಇಷ್ಟು ಸರಿಯಿತು ಅನ್ನುವ ಗ್ರಾಫ್. ಆ ಗೆರೆಯ ಕೆಳಗಿನ ಜಾಗವೇ ನುಂಗಿದ ಶಕ್ತಿ.

ಗಟ್ಟಿ ಪೈಪೇ ಒಳ್ಳೆಯದು ಅನ್ನುವ ನಂಬಿಕೆಯೂ ಇಲ್ಲೇ ಎಡವುತ್ತದೆ. 3500 ಜೂಲನ್ನು ಕಮಾನು ಸರಾಸರಿ 17.5 ಕಿಲೋನ್ಯೂಟನ್ ಬಲದಲ್ಲಿ ನುಂಗಿದರೆ 200 ಮಿಲಿಮೀಟರ್ ಸರಿಯುತ್ತದೆ. ಎರಡು ಪಟ್ಟು ಗಟ್ಟಿ ಪೈಪು ಹಾಕಿದರೆ 100 ಮಿಲಿಮೀಟರಿಗೇ ನಿಲ್ಲುತ್ತದೆ, ಸರಿ. ಆದರೆ ಬಲ 35 ಕಿಲೋನ್ಯೂಟನ್ ಆಯಿತು. ಅಷ್ಟೂ ಕೆಳಗಿನ ಬೋಲ್ಟುಗಳಿಗೆ, ಆಕ್ಸೆಲ್ ಹೌಸಿಂಗಿಗೆ ಹೋಗುತ್ತದೆ. ಪೈಪು ಬಗ್ಗದೆ ಬೋಲ್ಟು ಕಿತ್ತು ಬಂದರೆ ಇಡೀ ಕಮಾನೇ ಚಾಲಕನ ಮೇಲೆ ಬೀಳುತ್ತದೆ. ನಾನು ನೋಡಿದ ಎಷ್ಟೋ ವಿಶ್ಲೇಷಣೆಗಳಲ್ಲಿ ಕಮಾನಿನ ಕಾಲನ್ನು "ಇಲ್ಲಿ ಅಲುಗಾಡುವುದಿಲ್ಲ" ಅಂತ ಗಾಳಿಯಲ್ಲೇ ಬಿಗಿದು ಬಿಟ್ಟಿರುತ್ತಾರೆ. ಬೋಲ್ಟೂ ಇಲ್ಲ, ಬ್ರಾಕೆಟ್ಟೂ ಇಲ್ಲ. ಮುರಿಯುವ ಜಾಗವನ್ನೇ ಲೆಕ್ಕದಿಂದ ತೆಗೆದ ಮೇಲೆ ಅದು ಮುರಿಯುವುದು ಎಲ್ಲಿ ಕಂಡೀತು?

ಇನ್ನೊಂದು ತಪ್ಪನ್ನು ನಾನೇ ಮಾಡಿಸಿದ್ದೇನೆ. ಬಾಹಾ ನಿಯಮದ ಪ್ರಕಾರ ಮುಖ್ಯ ಪೈಪು 25 ಮಿಲಿಮೀಟರ್ ಹೊರ ಅಳತೆ, 3 ಮಿಲಿಮೀಟರ್ ಗೋಡೆ, ಕನಿಷ್ಠ 0.18 ಶೇಕಡಾ ಇಂಗಾಲದ ಉಕ್ಕು. ಇಲ್ಲವೇ ಬಾಗುವಿಕೆಗೆ ಕನಿಷ್ಠ ಅಷ್ಟೇ ಬಿಗಿತವೂ ಬಲವೂ ಇರುವ ಬೇರೆ ಪೈಪು. ಒಂದು ವರ್ಷ ಹುಡುಗರು ತೂಕ ಉಳಿಸಲು 31.75 ಮಿಲಿಮೀಟರ್ ಅಳತೆಯ, 1.6 ಮಿಲಿಮೀಟರ್ ಗೋಡೆಯ ಪೈಪು ತಂದರು. ಲೆಕ್ಕ ಹಾಕಿ ನೋಡಿದರೆ ಬಾಗುವಿಕೆಗೆ ಅದರ ಬಿಗಿತ ಸುಮಾರು 35 ಶೇಕಡಾ ಜಾಸ್ತಿ, ತೂಕ 27 ಶೇಕಡಾ ಕಮ್ಮಿ. ಎಲ್ಲರಿಗೂ ಖುಷಿ. ಕಂಪ್ಯೂಟರಿನಲ್ಲಿ ಬೀಮ್ ಎಲಿಮೆಂಟ್ ಬಳಸಿ ಒತ್ತಿದೆವು, ಫಲಿತಾಂಶ ಚೆನ್ನಾಗಿ ಬಂತು. ನಾನೂ ಸರಿ ಅಂದೆ.

ಆಮೇಲೆ ಏನೋ ಮನಸ್ಸು ತಡೆಯದೆ ಒಂದು ತುಂಡನ್ನು ವರ್ಕ್‌ಶಾಪಿಗೆ ಒಯ್ದು ಎರಡು ಆನಿಕೆಗಳ ಮೇಲೆ ಮಲಗಿಸಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ನಡುವೆ ಒತ್ತಿಸಿದೆ. ಗೇಜಿನ ಮುಳ್ಳು ನಿಧಾನ ಏರುತ್ತಿತ್ತು. ಲೆಕ್ಕ ಹೇಳಿದ ಬಲ ಮುಟ್ಟುವ ಮೊದಲೇ, ಪ್ರೆಸ್ಸಿನ ತುದಿ ತಾಗಿದ ಜಾಗದಲ್ಲಿ ಪೈಪು ಚಪ್ಪಟೆಯಾಯಿತು. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂತು. ಮರುಕ್ಷಣ, ಹುಲ್ಲಿನ ಕಡ್ಡಿ ಮುರಿದ ಹಾಗೆ ಒಂದು ಮಡಿಕೆ ಬಿತ್ತು. ಮುಳ್ಳು ಇಳಿಯಿತು. ಯಾರೂ ಮಾತಾಡಲಿಲ್ಲ.

ಕಾರಣ ಸರಳ. ಬೀಮ್ ಎಲಿಮೆಂಟ್ ಅನ್ನುವುದು ಪೈಪನ್ನು ಒಂದು ಗೆರೆಯಂತೆ ನೋಡುತ್ತದೆ. ಗೆರೆಗೆ ಗೋಡೆ ಇಲ್ಲ, ಹಾಗಾಗಿ ಅದು ಚಪ್ಪಟೆಯಾಗುವುದಿಲ್ಲ, ಮಡಿಕೆ ಬೀಳುವುದಿಲ್ಲ. ಅದೇ ಪೈಪನ್ನು ಶೆಲ್ ಎಲಿಮೆಂಟಿನಲ್ಲಿ, ಅಂದರೆ ಹಾಳೆಯ ತುಂಡುಗಳಾಗಿ ಕಟ್ಟಿ, 3 ಮಿಲಿಮೀಟರ್ ಚೌಕಗಳಿಂದ ಮೆಶ್ ಮಾಡಿ ಮತ್ತೆ ಒತ್ತಿದೆವು. ಮಡಿಕೆ ಬಂತು, ಪ್ರೆಸ್ಸಿನಲ್ಲಿ ಬಂದ ಜಾಗದಲ್ಲೇ. ಅವತ್ತಿನಿಂದ ಮುರಿದ ಒಂದು ತುಂಡು ಪಕ್ಕದಲ್ಲಿ ಇಲ್ಲದ ವರದಿಗೆ ನಾನು ಸಹಿ ಹಾಕಿಲ್ಲ.

ಪೈಪಿನ ಉಕ್ಕು ಯಾವುದು ಅನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಕಟ್ಟಡದ ಪೈಪುಗಳಿಗೆ ಭಾರತೀಯ ಮಾನಕದಲ್ಲಿ 210, 240, 310 ಅಂತ ದರ್ಜೆಗಳಿವೆ. ಉಕ್ಕು ವಾಪಸ್ ಬಾರದೆ ಬಾಗಲು ಶುರುವಾಗುವ ಕನಿಷ್ಠ ಒತ್ತಡ ಅದು, ಮೆಗಾಪಾಸ್ಕಲ್ ಲೆಕ್ಕದಲ್ಲಿ. 210ಕ್ಕೂ 310ಕ್ಕೂ ಒಂದೂವರೆ ಪಟ್ಟು ವ್ಯತ್ಯಾಸ. ಹೊರಗೆ ಬಣ್ಣ ಒಂದೇ, ಅಳತೆ ಒಂದೇ. ಸಾಫ್ಟ್‌ವೇರಿನಲ್ಲಿ "ಸ್ಟ್ರಕ್ಚರಲ್ ಸ್ಟೀಲ್" ಅಂತ ಮೊದಲೇ ಇರುವುದನ್ನು ಕ್ಲಿಕ್ ಮಾಡಿದರೆ ಅಂಗಡಿಯಿಂದ ತಂದ ಪೈಪಿನ ಗುಣ ಅದರಲ್ಲಿ ಬರುವುದಿಲ್ಲ. ತಂದ ಪೈಪಿನಿಂದಲೇ ಒಂದು ಪಟ್ಟಿ ಕತ್ತರಿಸಿ ಎಳೆದು ನೋಡಬೇಕು. ವೆಲ್ಡಿಂಗ್ ಮಾಡಿದ ಪಕ್ಕದ ಜಾಗದ್ದು ಬೇರೆ ಕಥೆ. ತಣ್ಣಗೆ ಸುತ್ತಿ ಮಾಡಿದ ಪೈಪು ಆ ಸುತ್ತುವಿಕೆಯಿಂದಲೇ ಸ್ವಲ್ಪ ಬಲ ಪಡೆದಿರುತ್ತದೆ. ವೆಲ್ಡಿಂಗಿನ ಬಿಸಿಗೆ ಅದು ಹೋಗುತ್ತದೆ. ಕಮಾನು ಬಹಳ ಸಲ ಬಿಡುವುದು ವೆಲ್ಡಿನಲ್ಲಲ್ಲ, ಅದರ ಪಕ್ಕದಲ್ಲಿ.

ಲೆಕ್ಕ ಹಾಕುವ ಯಂತ್ರವೂ ಮೋಸ ಮಾಡಬಲ್ಲದು. ನಿಜವಾದ ಪರೀಕ್ಷೆಯಲ್ಲಿ ಕಮಾನನ್ನು ಸೆಕೆಂಡಿಗೆ 5 ಮಿಲಿಮೀಟರಿಗಿಂತ ಜೋರಾಗಿ ತಳ್ಳುವುದಿಲ್ಲ. 300 ಮಿಲಿಮೀಟರ್ ಸರಿಯಲು ಒಂದು ನಿಮಿಷ ಬೇಕು. ಗುದ್ದಾಟದ ಸಾಫ್ಟ್‌ವೇರು ಮಾತ್ರ ಸಮಯವನ್ನು ಬಹಳ ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. 5 ಮಿಲಿಮೀಟರ್ ಚೌಕವನ್ನು ದಾಟಲು ಅದಕ್ಕೆ ಒಂದು ಮೈಕ್ರೋಸೆಕೆಂಡ್ ಸಾಕು, ಲೆಕ್ಕದ ಒಂದು ಹೆಜ್ಜೆ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಒಂದು ನಿಮಿಷಕ್ಕೆ 6 ಕೋಟಿ ಹೆಜ್ಜೆ! ಹಾಗಾಗಿ ಎಲ್ಲರೂ ಕಂಪ್ಯೂಟರಿನಲ್ಲಿ ಜೋರಾಗಿ ತಳ್ಳುತ್ತಾರೆ, ಒಂದು ನಿಮಿಷದ ಕೆಲಸವನ್ನು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಸುತ್ತಾರೆ. ಮಾಡಬಹುದು. ಆದರೆ ಕಮಾನಿನ ಚಲನೆಯಲ್ಲಿರುವ ಓಟದ ಶಕ್ತಿಯು ಪೈಪು ನುಂಗಿದ ಶಕ್ತಿಯ ನೂರಕ್ಕೆ ಐದರ ಒಳಗೆ ಇದೆಯಾ ಅಂತ ನೋಡಲೇಬೇಕು. ಅದನ್ನು ಮೀರಿದರೆ ನಾವು ಒತ್ತುತ್ತಿಲ್ಲ, ಗುದ್ದುತ್ತಿದ್ದೇವೆ. ವೇಗ ಹೆಚ್ಚಾದಂತೆ ಉಕ್ಕು ಗಟ್ಟಿಯಾಗುವ ಗುಣವನ್ನೂ ಲೆಕ್ಕದಲ್ಲಿ ಸೇರಿಸಿದ್ದರೆ, ನಿಧಾನದ ಪರೀಕ್ಷೆಯಲ್ಲಿ ಇಲ್ಲದ ಬಲ ಪೈಪಿಗೆ ಬಂದುಬಿಡುತ್ತದೆ.

ನಾಲ್ಕು ಪರೀಕ್ಷೆಗಳನ್ನು ನಾಲ್ಕು ಹೊಸ ಕಮಾನುಗಳ ಮೇಲೆ ಮಾಡಿದವರನ್ನೂ ನೋಡಿದ್ದೇನೆ. ಅದು ತಪ್ಪು. ಹಿಂದಿನಿಂದ ತಳ್ಳಿ ಸೊಟ್ಟಗಾದ ಕಮಾನನ್ನೇ, ಅದರಲ್ಲಿ ಉಳಿದ ಸೊಟ್ಟು ಮತ್ತು ಒಳಗಿನ ಒತ್ತಡಗಳ ಸಮೇತ, ಮುಂದಿನ ಹಂತಕ್ಕೆ ಒಯ್ಯಬೇಕು. ಕೊನೆಯ ಒತ್ತಡದಲ್ಲೇ ಎಷ್ಟೋ ಕಮಾನುಗಳ ಬಂಡವಾಳ ಬಯಲಾಗುತ್ತದೆ.

ಸಾಫ್ಟ್‌ವೇರ್ ದುಬಾರಿ ಅನ್ನುವ ಮಾತು ಈಗ ಅಷ್ಟು ನಡೆಯುವುದಿಲ್ಲ. 2022ರಲ್ಲಿ ಓಪನ್‌ರೇಡಿಯೋಸ್ ಎಲ್ಲರಿಗೂ ತೆರೆಯಿತು, ಗುದ್ದಾಟದ ಲೆಕ್ಕಕ್ಕೇ ಇರುವಂಥದ್ದು ಅದು. ಕ್ಯಾಲ್ಕ್ಯುಲಿಕ್ಸ್ ಮೊದಲಿನಿಂದಲೂ ಉಚಿತ. ಬಸ್ಸುಗಳ ವಿಷಯದಲ್ಲಿ ನಿಯಮವೂ ಕಂಪ್ಯೂಟರನ್ನು ಒಪ್ಪಿದೆ. ಬಸ್ಸನ್ನು 800 ಮಿಲಿಮೀಟರ್ ಆಳದ ತಗ್ಗಿಗೆ ಉರುಳಿಸುವ ವಿಶ್ವಸಂಸ್ಥೆಯ 66ನೇ ನಿಯಮದಲ್ಲಿ ನಿಜವಾದ ಬಸ್ಸಿನ ಬದಲು ಲೆಕ್ಕವನ್ನೂ ಕೊಡಬಹುದು, ಆದರೆ ಆ ಲೆಕ್ಕ ನಿಜಕ್ಕೆ ಹೊಂದುತ್ತದೆ ಅಂತ ತೋರಿಸಬೇಕು. ಟ್ರ್ಯಾಕ್ಟರ್ ಕಮಾನಿಗೆ ಕೊನೆಯ ಮಾತು ಇವತ್ತಿಗೂ ಪರೀಕ್ಷಾ ಕೇಂದ್ರದ ಹೈಡ್ರಾಲಿಕ್ ಸಿಲಿಂಡರಿನದೇ. ಅದು ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಹೋಗುವ ಮೊದಲು ಹತ್ತು ಕಮಾನುಗಳನ್ನು ಕಂಪ್ಯೂಟರಿನಲ್ಲಿ ಮುರಿದು, ಹನ್ನೊಂದನೆಯದನ್ನು ಕಟ್ಟಬಹುದಲ್ಲ? ಸ್ಪರ್ಧೆಯ ಗಾಡಿಗೆ ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ನಮ್ಮ ಕಾಲೇಜುಗಳು ಈ ಭಾಗದಲ್ಲಿ ಹೆಚ್ಚು ಓಡುವ ಎರಡು ಮೂರು ಮಾದರಿಯ ಟ್ರ್ಯಾಕ್ಟರುಗಳಿಗೆ ಮಾಡಲಿ. ಒತ್ತುವ ಪ್ರೆಸ್ಸೂ ಪೈಪ್ ಬಗ್ಗಿಸುವ ಕೈಗಳೂ ಉದ್ಯಮಬಾಗದಲ್ಲೇ ಇವೆ.

ಅಲ್ಲಿಯವರೆಗೆ ರೈತರು ತಿಳಿದಿರಬೇಕಾದ್ದು ಸ್ವಲ್ಪವೇ. ಕಂಪನಿಯಿಂದ ಬಂದ ಪರೀಕ್ಷೆಯಾದ ಕಮಾನು ಇದ್ದರೆ ಅದಕ್ಕೆ ತೂತು ಹೊಡೆಯಬೇಡಿ, ವೆಲ್ಡಿಂಗ್ ಹಚ್ಚಬೇಡಿ, ಬಗ್ಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಕಮಾನು ಇದ್ದರೆ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಉರುಳುವಾಗ ಚಾಲಕ ರಕ್ಷಣಾ ವಲಯದಿಂದಲೇ ಹೊರಗೆ ಬೀಳುತ್ತಾನೆ. ಕಮಾನು ಇಲ್ಲದ ಟ್ರ್ಯಾಕ್ಟರಿಗೆ ಬೆಲ್ಟ್ ಹಾಕಬಾರದು. ಮಡ್‌ಗಾರ್ಡ್ ಮೇಲೆ ಕೂತವರಿಗೆ ಯಾವ ಕಮಾನೂ ಇಲ್ಲ. ಅಳತೆ ಹಾಕುವಾಗ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಶೆಡ್ಡಿನಲ್ಲಿ ಆ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: "ಇದು ಬಿಸಿಲಿಗೆ ಒಳ್ಳೇದು ತಮ್ಮಾ, ಪಲ್ಟಿಗಲ್ಲ." ಅವನ ಮುಖ ಸಣ್ಣಗಾಯಿತು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರ ಪಲ್ಟಿಗೆ ತಡಿಯೋದು ಹೆಂಗ ಮಾಡ್ಬೇಕ್ರಿ ಸರ?" ಅದೇ ಹುಡ್ಡಿನ ಪೈಪಿನಲ್ಲಿ ಉಳಿದ ಎರಡು ತುಂಡು ಕೇಳಿದೆ. ಎರಡಡಿ ಉದ್ದಕ್ಕೆ ಕತ್ತರಿಸಿ, ತುದಿಯ ಚೂಪು ಉಜ್ಜಿ ಕೊಟ್ಟರು. ಒಂದನ್ನು ಪಟ್ಟಿಯಾಗಿ ಸೀಳಿ ಎಳೆದು ನೋಡುತ್ತೇವೆ, ಇನ್ನೊಂದನ್ನು ಪ್ರೆಸ್ಸಿನಲ್ಲಿ ಒತ್ತುತ್ತೇವೆ. ಒತ್ತುವ ದಿನ ತಾವೂ ಬರುತ್ತೇನೆ ಅಂದಿದ್ದಾರೆ.